ಒಬ್ಬರು ಬರಲಿ, ಹತ್ತು ಜನ ಹೋಗುವುದು ಬೇಡ

ಬಳ್ಳಾರಿ ಮನೆಮಂದಿ ಗುಂಪು, ಭಾನುವಾರ ಸಂಜೆ

ತಮ್ಮ, ಬೆಂಗಳೂರು: ಮೇಲೆ ಹಾಕಿರುವ ಕೊಂಡಿಯನ್ನು ಎಲ್ಲರೂ ಒಮ್ಮೆ ಓದಿ. ಟೆನ್‌ಪಿನ್ ಬೌಲಿಂಗ್, ಅಂದರೆ ಚೆಂಡು ಉರುಳಿಸಿ ಹತ್ತು ಪಿನ್‌ಗಳನ್ನು ಬೀಳಿಸುವ ಆಟದ ತರಬೇತುದಾರರಿಗೆ, ಅಲ್ಲಿನ ಆಟವನ್ನು ನಡೆಸುವ ಸಂಸ್ಥೆಯಾದ ಅಮೆರಿಕದ ಬೌಲಿಂಗ್ ಕಾಂಗ್ರೆಸ್ ಕೊಡುವ ಪ್ರಮಾಣಪತ್ರದ ವಿವರ. ಮೊದಲ ಹಂತವನ್ನು ಮನೆಯಲ್ಲೇ ಕುಳಿತು ಆನ್‌ಲೈನಿನಲ್ಲಿ ಮುಗಿಸಬಹುದು. ಆಮೇಲೆ ಕಂಚು, ಬೆಳ್ಳಿ, ಚಿನ್ನ ಎಂಬ ಹಂತಗಳಿವೆ. ಕಂಚಿನ ಹಂತಕ್ಕೆ ಖುದ್ದಾಗಿ ಹಾಜರಾಗಬೇಕು. ಆ ಹಂತದವರೆಗಾದರೂ ಹೋಗಬೇಕೆಂದು ನನ್ನ ಆಸೆ. ಮನೆಯಿಂದ ಹಣದ ಸಹಾಯ ಬೇಕಾಗುತ್ತದೆ.

ದೊಡ್ಡಪ್ಪ: ಓದಿದೆ. ದೈಹಿಕ ಶಿಕ್ಷಣದ ಮೇಷ್ಟ್ರಾಗಿಯೇ ನಿವೃತ್ತನಾದವನು ನಾನು, ಆಟ ಬೇಡ ಎನ್ನುವವನಲ್ಲ. ಆದರೆ ಈ ಆಟದಿಂದ ಯಾವ ನೌಕರಿ ಸಿಗುತ್ತದೆ? 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನಕ್ಕೆಂದು ಆಡಿಸಿದರು, ಅಷ್ಟೇ. ಏಷ್ಯನ್ ಕ್ರೀಡಾಕೂಟದಲ್ಲಿ 2018ರವರೆಗೆ ಇತ್ತು, ಅದರ ಮುಂದಿನ ಹಾಂಗ್‌ಝೌ ಕೂಟದಲ್ಲಿ ಅದನ್ನೂ ಕೈಬಿಟ್ಟರು. ತರಬೇತುದಾರನೇ ಆಗಬೇಕಿದ್ದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಮಾಡಲಿ. 1961ರಿಂದ ನಡೆದುಬಂದ ಸಂಸ್ಥೆ. ಆ ಕಾಗದಕ್ಕೆ ಸರ್ಕಾರದಲ್ಲಿ ಬೆಲೆಯಿದೆ.

ತಮ್ಮ, ಬೆಂಗಳೂರು: ದೊಡ್ಡಪ್ಪ, ಆ ಡಿಪ್ಲೊಮಾದಲ್ಲಿ ಕಬಡ್ಡಿ, ಹಾಕಿ, ಕುಸ್ತಿ, ಈಜು ಎಲ್ಲ ಇವೆ. ಬೌಲಿಂಗ್ ಇಲ್ಲ. ಇದ್ದಿದ್ದರೆ ಈ ಹೊತ್ತಿಗೆ ಅರ್ಜಿ ಹಾಕಿರುತ್ತಿದ್ದೆ.

ಭಾವ, ಕೊಪ್ಪಳ: ಶುಲ್ಕ ಎಷ್ಟು ಹೇಳು. ಎಲ್ಲರೂ ಸೇರಿ ಹಾಕೋಣ. ಇದಕ್ಕೇಕೆ ಇಷ್ಟು ಚರ್ಚೆ?

ನಾನು, ಅವನ ಅಕ್ಕ: ಭಾವ, ಶುಲ್ಕ ಒಂದೇ ಆಗಿದ್ದರೆ ನಾನೇ ಕೊಟ್ಟು ಸುಮ್ಮನಾಗುತ್ತಿದ್ದೆ. ಮೊದಲ ಹಂತ ನಮ್ಮ ಕೈಗೆಟುಕುತ್ತದೆ, ಅದರ ಬಗ್ಗೆ ತಕರಾರಿಲ್ಲ. ಎರಡನೆಯದಕ್ಕೆ ವೀಸಾ, ವಿಮಾನ, ವಾಸ, ಊಟ, ಅದರ ಮೇಲೆ ರಜೆಯ ದಿನಗಳ ಸಂಬಳ ಕಡಿತ. ಇಷ್ಟೆಲ್ಲ ಕೂಡಿಸಿದರೆ ಶುಲ್ಕ ಯಾವ ಲೆಕ್ಕಕ್ಕೂ ಬರುವುದಿಲ್ಲ. ದಾರಿಯ ಖರ್ಚೇ ನಿಜವಾದ ಖರ್ಚು.

ಚಿಕ್ಕಮ್ಮ, ಸಿರುಗುಪ್ಪ: ನನ್ನದೊಂದು ಪ್ರಶ್ನೆ. ಅವನು ಈಗಾಗಲೇ ಬೆಂಗಳೂರಿನ ಬೌಲಿಂಗ್ ಕೇಂದ್ರದಲ್ಲಿ ಬಂದವರಿಗೆ ಆಡುವುದನ್ನು ತೋರಿಸಿಕೊಡುತ್ತಿದ್ದಾನಲ್ಲವೇ? ಚೆಂಡು ಉರುಳಿಸುವುದಕ್ಕೆ ಪ್ರಮಾಣಪತ್ರ ಏಕೆ ಬೇಕು?

ತಮ್ಮ, ಬೆಂಗಳೂರು: ಚಿಕ್ಕಮ್ಮ, ಮೊನ್ನೆ ನಡೆದದ್ದನ್ನು ಹೇಳುತ್ತೇನೆ. ಶಾಲೆಗೆ ಹೋಗುವ ಹುಡುಗಿಯೊಬ್ಬಳು ತಂದೆಯ ಜೊತೆ ಬಂದಿದ್ದಳು. ಅವಳು ಎತ್ತಿಕೊಂಡ ಚೆಂಡಿನ ಹೆಬ್ಬೆರಳ ತೂತು ದೊಡ್ಡವರ ಅಳತೆಯದು. ಜಾರಿ ಬಿದ್ದೀತೆಂದು ಬಿಗಿಯಾಗಿ ಹಿಡಿದಳು, ಹಿಡಿದ ರಭಸಕ್ಕೆ ಮಣಿಕಟ್ಟು ತಿರುಚಿಕೊಂಡಿತು. ತಂದೆ ಹಿಂದಿನಿಂದ ಇನ್ನೂ ಜೋರಾಗಿ ಎಸೆ ಎನ್ನುತ್ತಿದ್ದರು. ನಾನು ಹಗುರವಾದ ಚೆಂಡು ಹುಡುಕಿಕೊಟ್ಟೆ, ಎರಡು ಬೆರಳನ್ನು ಎರಡನೆಯ ಗೆಣ್ಣಿನವರೆಗೆ ತೂರಿಸಲು ಹೇಳಿದೆ. ನಾಲ್ಕು ಹೆಜ್ಜೆ ತೋರಿಸಿದೆ: ಒಂದಕ್ಕೆ ಚೆಂಡು ಮುಂದೆ, ಎರಡಕ್ಕೆ ಕೆಳಗೆ, ಮೂರಕ್ಕೆ ಹಿಂದೆ, ನಾಲ್ಕನೆಯದು ಜಾರುವ ಹೆಜ್ಜೆ, ಆಗ ಕೈಬಿಡಬೇಕು. 60 ಅಡಿ ದೂರದ ಪಿನ್ನನ್ನು ದಿಟ್ಟಿಸಬೇಡ, ಚೆಂಡು ಉರುಳುವ ಹಾದಿಯಾದ ಲೇನಿನ ಮೇಲೆ ಸುಮಾರು 15 ಅಡಿಯಲ್ಲಿರುವ ಬಾಣದ ಗುರುತನ್ನು ನೋಡು ಎಂದೆ. ಮೂರನೆಯ ಚೆಂಡಿಗೆ ಏಳು ಪಿನ್ ಬಿದ್ದವು. ಆದರೆ ಜಾರುವಾಗ ಅವಳ ಮೊಣಕಾಲು ಒಳಕ್ಕೆ ವಾಲುತ್ತಿತ್ತು. ಅದನ್ನು ಹೇಗೆ ಸರಿಪಡಿಸಬೇಕೆಂದು ನನಗೆ ತಿಳಿಯಲಿಲ್ಲ. ವಾರಕ್ಕೆರಡು ದಿನ ಆ ಹುಡುಗಿ ಹಾಗೆಯೇ ಆಡುತ್ತಾ ಹೋದರೆ ಆ ಮೊಣಕಾಲಿನ ಗತಿಯೇನು?

ಚಿಕ್ಕಮ್ಮ, ಸಿರುಗುಪ್ಪ: ಹಾಗಿದ್ದರೆ ಕಲಿಯಲೇಬೇಕು. ನನ್ನ ಪಾಲಿನ ಹಣ ಕೊಡುತ್ತೇನೆ.

ದೊಡ್ಡಪ್ಪ: ಅವಸರ ಬೇಡ. ಕಲಿಯಬೇಕು ಎನ್ನುವುದನ್ನು ಒಪ್ಪಿದೆ. ಅದಕ್ಕೆ ಮನೆಯ ಉಳಿತಾಯ ಒಡೆಯಬೇಕೇ ಎನ್ನುವುದು ಬೇರೆ ಮಾತು.

ನಾನು: ದೊಡ್ಡಪ್ಪ, ಒಡೆಯಬಾರದು ಎಂದೇ ನಾನೂ ಹೇಳುತ್ತೇನೆ. ಆದರೆ ಅವನು ಮೊದಲ ಹಂತಕ್ಕೇ ನಿಲ್ಲುವುದನ್ನೂ ಒಪ್ಪುವುದಿಲ್ಲ. ವೀಡಿಯೊ ನೋಡಿ ಮುಗಿಸುವ ವಿದ್ಯೆಯಲ್ಲ ಇದು. ಲೇನ್ ಎಂದರೆ 39 ಹಲಗೆಗಳ ಅಗಲ, ಅದರ ಮೇಲೆ ಎಣ್ಣೆ ಸವರಿರುತ್ತಾರೆ. ಎಣ್ಣೆ ಎಲ್ಲಿಯವರೆಗೆ ಇದೆ, ಎಷ್ಟು ಇದೆ ಎನ್ನುವುದರ ಮೇಲೆ ಚೆಂಡು ತಿರುಗುವ ಜಾಗ ಬದಲಾಗುತ್ತದೆ. ಅದು ಕಣ್ಣಿಗೆ ಕಾಣುವಂಥದ್ದಲ್ಲ, ಚೆಂಡಿನ ನಡೆಯನ್ನು ನೋಡಿ ಓದಿಕೊಳ್ಳಬೇಕು. ಬಲ್ಲವರು ಪಕ್ಕದಲ್ಲಿ ನಿಂತು ತಿದ್ದದೆ ಬರುವುದಿಲ್ಲ.

ಆದ್ದರಿಂದ ನಾನು ಹೇಳುವುದು ಇಷ್ಟು: ಹತ್ತು ತರಬೇತುದಾರರು ಹೊರದೇಶಕ್ಕೆ ಹೋಗುವ ಬದಲು ಕಲಿಸುವ ಒಬ್ಬರನ್ನು ಬೌಲಿಂಗ್ ಸಂಸ್ಥೆಯವರು ಇಲ್ಲಿಗೆ ಕರೆಸಲಿ. ಹತ್ತು ವಿಮಾನ ಟಿಕೆಟ್ಟಿನ ಜಾಗದಲ್ಲಿ ಒಂದು, ಅದನ್ನೂ ಹತ್ತು ಜನ ಹಂಚಿಕೊಳ್ಳುವುದು. ಫುಟ್‌ಬಾಲಿನಲ್ಲಿ ತರಬೇತುದಾರರ ಡಿ ಪರವಾನಗಿಯ ಕೋರ್ಸನ್ನು ರಾಜ್ಯ ಸಂಸ್ಥೆಗಳೇ ನಡೆಸುತ್ತವೆ, ಯಾರೂ ಯುರೋಪಿಗೆ ಹೋಗಿ ಮೊದಲ ಮೆಟ್ಟಿಲು ಹತ್ತುವುದಿಲ್ಲ. ಇನ್ನು ನಮ್ಮ ತೋರಣಗಲ್ಲನ್ನೇ ನೋಡಿ. ಅಲ್ಲಿನ ಕ್ರೀಡಾ ಸಂಸ್ಥೆಯಲ್ಲಿ ಬಾಕ್ಸಿಂಗ್, ಜೂಡೊ ಕಲಿಸಲು ಹೊರದೇಶದವರನ್ನು ಕರೆಸಿದರು. ನಮ್ಮ ಜಿಲ್ಲೆಯಲ್ಲೇ ಆಗಿರುವ ಕೆಲಸ ಇದು.

ದೊಡ್ಡಪ್ಪ: ತೋರಣಗಲ್ಲಿನ ಹಿಂದೆ ದೊಡ್ಡ ಉಕ್ಕಿನ ಕಂಪನಿ ಇದೆ ತಾಯಿ. ಬೌಲಿಂಗಿನ ಹಿಂದೆ ಯಾರಿದ್ದಾರೆ? ಹತ್ತು ಜನ ಎನ್ನುತ್ತೀಯ, ಆ ಹತ್ತು ಜನ ಎಲ್ಲಿ?

ತಮ್ಮ, ಬೆಂಗಳೂರು: ಇದ್ದಾರೆ ದೊಡ್ಡಪ್ಪ. ಬೆಂಗಳೂರಿನ ಬೇರೆ ಕೇಂದ್ರಗಳಲ್ಲಿ ನನ್ನಂತೆಯೇ ನೋಡಿ ಕಲಿತವರಿದ್ದಾರೆ, ಹೈದರಾಬಾದ್, ಚೆನ್ನೈಯಲ್ಲೂ ಇದ್ದಾರೆ. ರಾಷ್ಟ್ರೀಯ ಚಾಂಪಿಯನ್‌ಷಿಪ್ ಬೆಂಗಳೂರಿನಲ್ಲೇ ನಡೆದದ್ದುಂಟು. ಆಗ ಆಟಗಾರರು, ಕಲಿಸುವವರು ಎಲ್ಲರೂ ಒಂದೇ ಕಡೆ ಸೇರುತ್ತಾರೆ.

ನಾನು: ಪಂದ್ಯಾವಳಿ ಮುಗಿದ ಮರುದಿನವೇ ಅದೇ ಲೇನುಗಳಲ್ಲಿ ತರಗತಿ ಇಡಲಿ. ನಾಳೆ ಬಳ್ಳಾರಿಯಲ್ಲೋ ಹೊಸಪೇಟೆಯಲ್ಲೋ ಇನ್ನೊಬ್ಬ ಹುಡುಗ ಇದನ್ನೇ ಕಲಿಯಬೇಕೆಂದರೆ, ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಇಳಿದು ಕಲಿತು ಬರುವಂತಿರಬೇಕು. ಮಧ್ಯಮ ವರ್ಗದ ಮನೆ ಹೊರಬಲ್ಲ ಖರ್ಚು ಅಷ್ಟೇ.

ಭಾವ, ಕೊಪ್ಪಳ: ಕೇಂದ್ರದ ಮಾಲೀಕರು ಏನೂ ಕೊಡುವುದಿಲ್ಲವೇ? ಇವನು ಕಲಿತರೆ ಲಾಭ ಅವರಿಗೂ ಇದೆ.

ನಾನು: ಕೊಡಲೇಬೇಕು ಭಾವ. ತರಬೇತಿ ಎಂದು ಹೇಳಿ ಗ್ರಾಹಕರಿಂದ ಹಣ ಪಡೆಯುವವರು ತರಬೇತುದಾರನ ಕಲಿಕೆಗೆ ಅರ್ಧವಾದರೂ ಹಾಕಬೇಕು. ಕಲಿತ ಮೇಲೆ ಬಿಟ್ಟುಹೋಗುತ್ತಾನೆಂಬ ಭಯ ಅವರಿಗಿದ್ದರೆ ಇಷ್ಟು ಕಾಲ ಇಲ್ಲೇ ಇರುತ್ತೇನೆಂದು ಬರೆದುಕೊಡಲಿ, ತಪ್ಪೇನಿಲ್ಲ. ಎಲ್ಲ ಭಾರವನ್ನೂ ಸಂಬಳದ ಹುಡುಗನ ಮೇಲೆ ಹೊರಿಸಿ, ಒಳ್ಳೆಯ ತರಬೇತುದಾರರು ಸಿಗುವುದಿಲ್ಲ ಎಂದು ಕೊರಗುವುದು ನ್ಯಾಯವಲ್ಲ.

ತಮ್ಮ, ಬೆಂಗಳೂರು: ಅಕ್ಕ, ಮಾಲೀಕರನ್ನು ಕೇಳಲು ನನಗೆ ಅಳುಕು.

ನಾನು: ನೀನು ಒಬ್ಬನೇ ಕೇಳಬೇಡ. ಬೌಲಿಂಗಿನ ರಾಜ್ಯ ಸಂಸ್ಥೆಗೂ ರಾಷ್ಟ್ರೀಯ ಫೆಡರೇಷನ್ನಿಗೂ ಒಂದೇ ಪತ್ರ ಬರೆಯೋಣ, ನಿನ್ನಂಥವರೆಲ್ಲ ಸಹಿ ಹಾಕಲಿ. ಅದರ ಪ್ರತಿಯನ್ನೇ ಮಾಲೀಕರ ಮುಂದೆ ಇಡು. ಮೊದಲ ಹಂತದ ಶುಲ್ಕವನ್ನು ಈ ತಿಂಗಳು ನಾನು ಕಟ್ಟುತ್ತೇನೆ.

ದೊಡ್ಡಪ್ಪ: ಪತ್ರ ಚಿಕ್ಕದಾಗಿರಲಿ. ಬೇಡಿಕೆ ಮೊದಲ ಸಾಲಿನಲ್ಲೇ ಬರಲಿ, ಆ ಮೊಣಕಾಲಿನ ಸಂಗತಿಯನ್ನು ಬಿಡಬೇಡ. ಹತ್ತು ಸಹಿ ಬಂದರೆ ಕಂಚಿನ ಹಂತಕ್ಕೆ ನನ್ನ ಪಾಲೂ ಇದೆ. ಬಾರದಿದ್ದರೆ ವಿಮಾನದ ಮಾತು ಈ ಗುಂಪಿನಲ್ಲಿ ಬೇಡ.

ತಮ್ಮ, ಬೆಂಗಳೂರು: ಆಗಲಿ ದೊಡ್ಡಪ್ಪ. ನಾಳೆ ಕೆಲಸಕ್ಕೆ ಹೋಗುವ ಮೊದಲೇ ಇಬ್ಬರನ್ನು ಕೇಳುತ್ತೇನೆ.