ಮಣ್ಣಿನ ಚೀಟಿಯಲ್ಲಿ ಪೊಟ್ಯಾಷ್ ‘ಅಧಿಕ’, ಹೊಲದಲ್ಲಿ ಎಲೆಯಂಚು ಸುಟ್ಟಿದೆ: ಪ್ರಶ್ನೋತ್ತರ

ನರಗುಂದದ ರೈತ: ಮೇಡಂ, ನಮಸ್ಕಾರ. ಎರೆ ಹೊಲ, ಮಳೆಯಾಶ್ರಿತ ಹತ್ತಿ, ನೂರು ದಿನದ ಬೆಳೆ. ಮಣ್ಣು ಪರೀಕ್ಷೆಯಲ್ಲಿ ಪೊಟ್ಯಾಷ್ ಹೆಕ್ಟೇರಿಗೆ 410 ಕಿಲೊ, ‘ಅಧಿಕ’ ಎಂದು ಬಂದಿತ್ತು. ಅದನ್ನು ನಂಬಿ ಪೊಟ್ಯಾಷ್ ಹಾಕಲಿಲ್ಲ. ಈಗ ಕಾಯಿ ತುಂಬುವ ಹೊತ್ತಿಗೆ ಎಲೆಯಂಚು ಸುಡುತ್ತಿದೆ. ಫೋಟೊ ಗುಂಪಿಗೆ ಹಾಕಿದ್ದೇನೆ.

ಮಣ್ಣು ತಜ್ಞೆ: ಫೋಟೊ ದೊಡ್ಡದು ಮಾಡಿ ನೋಡಿದೆ. ಅಂಚು ಕಂದು ಬಣ್ಣಕ್ಕೆ ತಿರುಗಿ ಒಣಗಿ ಕೆಳಕ್ಕೆ ಮುದುಡಿದೆ, ನರಗಳ ನಡುವೆ ಹಳದಿ. ಮೆಗ್ನೀಷಿಯಂ ಕೊರತೆಯಾಗಿದ್ದರೆ ನರ ಹಸಿರಾಗಿಯೇ ಉಳಿದು ನಡುವೆ ಕೆಂಪೇರುತ್ತಿತ್ತು. ಇದು ಪೊಟ್ಯಾಷ್ ಕೊರತೆಯ ಲಕ್ಷಣ.

ಚೀಟಿಯೂ ಸುಳ್ಳು ಹೇಳಿಲ್ಲ. 336 ಕಿಲೊ ದಾಟಿದರೆ ಅಧಿಕ ಎಂದೇ ಬರೆಯುತ್ತಾರೆ. ಆದರೆ ಪ್ರಯೋಗಾಲಯದಲ್ಲಿ ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಅಮೋನಿಯಂ ಅಸಿಟೇಟ್ ದ್ರಾವಣದಲ್ಲಿ ಕುಲುಕಿ ಜೇಡಿಗೆ ಅಂಟಿದ ಪೊಟ್ಯಾಷನ್ನು ಬಿಡಿಸುತ್ತಾರೆ. ಬೇರಿಗೆ ಆ ಅನುಕೂಲವಿಲ್ಲ. ಮಣ್ಣಿನ ಕಣಗಳ ಸುತ್ತಲಿನ ತೇವದಲ್ಲಿ ಪೊಟ್ಯಾಷ್ ಕೆಲವೇ ಮಿಲಿಮೀಟರ್ ಸರಿದು ಬೇರನ್ನು ಮುಟ್ಟಬೇಕು. ತೇವ ಆರಿದರೆ ಆ ದಾರಿಯೇ ಕಡಿಯುತ್ತದೆ. ಎರೆಯಲ್ಲಿ ಸುಣ್ಣದ ಅಂಶವೂ ಮೆಗ್ನೀಷಿಯಮ್ಮೂ ಹೆಚ್ಚು, ಅವೂ ಬೇರಿನ ಬಾಗಿಲಲ್ಲಿ ಪೈಪೋಟಿಗೆ ನಿಲ್ಲುತ್ತವೆ. ಕೆಲವು ಜೇಡಿಗಳು ಒಣಗುವಾಗ ಪದರಗಳ ನಡುವೆ ಪೊಟ್ಯಾಷನ್ನು ಬಿಗಿಹಿಡಿಯುತ್ತವೆ. ಇದೇ ಹೊತ್ತಿಗೆ ಕಾಯಿಗಳು ಗಿಡದ ಪೊಟ್ಯಾಷನ್ನೆಲ್ಲ ಎಳೆದುಕೊಳ್ಳುತ್ತವೆ.

ಎರಡು ವಿಷಯ ತಿಳಿಸಿ: ಸುಟ್ಟದ್ದು ಮೊದಲು ಬುಡದ ಎಲೆಯೋ ತುದಿಯದೋ? ಕಾಯಿಭಾರ ಹೆಚ್ಚಿರುವ ಹತ್ತಿಯಲ್ಲಿ ತುದಿಯಲ್ಲೂ ಕಾಣಿಸುತ್ತದೆ. ಸಾಲಿನ ಪಕ್ಕ ಒಂದು ಗೇಣು ಅಗೆದರೆ ಮಣ್ಣಿನಲ್ಲಿ ಉಂಡೆ ಕಟ್ಟುವಷ್ಟು ತೇವವಿದೆಯೇ?

ಸದಸ್ಯ 2: ಬಾಳೆಸಿಪ್ಪೆಯನ್ನು ಮೂರು ದಿನ ನೆನೆಸಿದ ನೀರು ಸಿಂಪಡಿಸಿ, ಪೊಟ್ಯಾಷ್ ಖರೀದಿಸಲೇಬೇಡಿ. ಬೂದಿಗೆ ಯೂರಿಯಾ ಬೆರೆಸಿದರೆ ಇನ್ನೂ ಒಳ್ಳೆಯದು. ಎಲ್ಲರಿಗೂ ಕಳುಹಿಸಿ.

ತಜ್ಞೆ: ಯಾರಿಗೂ ಕಳುಹಿಸಬೇಡಿ. ಬೂದಿ ಕ್ಷಾರ, ಯೂರಿಯಾ ಜೊತೆ ಸೇರಿದರೆ ಸಾರಜನಕ ಅಮೋನಿಯವಾಗಿ ಗಾಳಿಗೆ ಹಾರುತ್ತದೆ. ಎರೆ ಮಣ್ಣು ಮೊದಲೇ ಕ್ಷಾರ. ಬಾಳೆಸಿಪ್ಪೆ ನೀರಿನಲ್ಲಿ ಪೊಟ್ಯಾಷ್ ಎಷ್ಟಿದೆ ಎಂದು ಅಳೆದವರು ಯಾರು? ಎಕರೆ ಹೊಲಕ್ಕೆ ಎಷ್ಟು ಸಿಪ್ಪೆ ತರುತ್ತೀರಿ?

ವಿಜಯಪುರದ ಬೆಳೆಗಾರ: ಮೇಡಂ, ದ್ರಾಕ್ಷಿಗೆ ಎಸ್‌ಒಪಿ (ಪೊಟ್ಯಾಷ್ ಸಲ್ಫೇಟ್ ಗೊಬ್ಬರ) ಯಾವಾಗ ಕೊಡಬೇಕು?

ಸದಸ್ಯ 3: ನಮ್ಮ ಅಜ್ಜ ಬರೀ ಕೊಟ್ಟಿಗೆ ಗೊಬ್ಬರದಲ್ಲಿ ಹತ್ತಿ ಬೆಳೆದರು.

ಸದಸ್ಯ 4: ನಿಮ್ಮ ಅಜ್ಜನ ಹತ್ತಿಗೆ ಈಗಿನಷ್ಟು ಕಾಯಿ ಹಿಡಿಯುತ್ತಿತ್ತೇ? ಕೊಟ್ಟಿಗೆಯಲ್ಲಿ ದನ ಎಷ್ಟಿದ್ದವು, ಈಗ ಎಷ್ಟಿವೆ?

ಸದಸ್ಯ 3: ದನ ಮಾರಿಸಿದ್ದೇ ನಿಮ್ಮಂಥ ಗೊಬ್ಬರದ ಅಂಗಡಿಯವರು.

ಸದಸ್ಯ 4: ನನಗೆ ಅಂಗಡಿ ಇಲ್ಲ. ತಿಳಿಯದೆ ಮಾತನಾಡಬೇಡಿ.

ಸದಸ್ಯ 5: ನನ್ನ ಚೀಟಿಯಲ್ಲೂ ಅಧಿಕ. ಪೊಟ್ಯಾಷ್ ಹಾಕಲೇ?

ತಜ್ಞೆ: ಮೇಲೆ ಬರೆದಿದ್ದೇನೆ. ಓದಿ.

ಸದಸ್ಯ 6: ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರ) ಎಷ್ಟು ಹಾಕಬೇಕು, ಒಂದೇ ಸಾಲಿನಲ್ಲಿ ಹೇಳಿ.

ತಜ್ಞೆ: ಬೆಳೆ, ಮಣ್ಣು, ನೀರು ಹೇಳದೆ ಒಂದು ಸಾಲಿನ ಉತ್ತರ ಇಲ್ಲ.

ನರಗುಂದದ ರೈತ: ಅಗೆದು ನೋಡಿದೆ. ಗೇಣಿನ ಆಳದವರೆಗೂ ಹೆಂಟೆ, ಕೈಯಲ್ಲಿ ಪುಡಿಯಾಗುತ್ತಿದೆ, ಬೆರಳು ತೂರುವಷ್ಟು ಬಿರುಕು. ಸುಟ್ಟದ್ದು ಮೇಲಿನ ಎಲೆಗಳೇ.

ತಜ್ಞೆ: ಹಾಗಿದ್ದರೆ ಈಗ ಮಣ್ಣಿಗೆ ಸುರಿದರೂ ಬೇರಿಗೆ ತಲುಪದು. ನೀರಿಗೆ ದಾರಿಯಿದ್ದರೆ ಒಂದು ಹದ ನೀರು ಕೊಡಿ. ಪೊಟ್ಯಾಸಿಯಂ ನೈಟ್ರೇಟ್, ಅಂದರೆ ಚೀಲದ ಮೇಲೆ 13-0-45 ಎಂದಿರುವ ಗೊಬ್ಬರ, ಲೀಟರ್ ನೀರಿಗೆ 10 ಗ್ರಾಂ. ಸಂಜೆ ತಂಪು ಹೊತ್ತಿನಲ್ಲಿ ಎಲೆ ತೊಯ್ಯುವಂತೆ ಸಿಂಪಡಿಸಿ. ಹತ್ತು-ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಅದೇ ಟ್ಯಾಂಕಿಗೆ ಬೇರೆ ಔಷಧಿ ಬೆರೆಸಬೇಡಿ. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಹೊಸದಾಗಿ ಬರುವ ಎಲೆಯನ್ನು ನೋಡಿ.

ಸದಸ್ಯ 2: ಬಾಳೆಸಿಪ್ಪೆಯ ವೀಡಿಯೊ ಲಕ್ಷ ಜನ ನೋಡಿದ್ದಾರೆ ಮೇಡಂ.

ತಜ್ಞೆ: ನೋಡಲಿ. ಇವರ ಹೊಲದ ಮೇಲೆ ಪ್ರಯೋಗ ಬೇಡ.

ವಿಜಯಪುರದ ಬೆಳೆಗಾರ: ಮೇಡಂ, ದ್ರಾಕ್ಷಿ?