ಫೈಬರ್ ಬಾಡಿಯ ಬಿರುಕು: ಪುಟ್ಟಿ ಹಚ್ಚುವ ಮೊದಲು ಹಿಂಬದಿ ನೋಡಿ

ಪ್ರಶ್ನೆ (ತುಮಕೂರಿನಿಂದ): ನಮಸ್ಕಾರ ಸರ್. ಅಪ್ಪ ಕೊಂಡಿದ್ದ ಸಿಪಾನಿ ಡಾಲ್ಫಿನ್ ಕಾರನ್ನು ಈಗಲೂ ಇಟ್ಟುಕೊಂಡಿದ್ದೇವೆ. ಗೇಟಿನ ಕಂಬಕ್ಕೆ ತಾಗಿ ಮುಂದಿನ ಎಡ ಮಡ್‌ಗಾರ್ಡ್ ಒಂದು ಗೇಣು ಸೀಳಿತು, ಚಕ್ರದ ಮೇಲಿನ ಅಂಚಿನಿಂದ ಅಂಗೈಯಗಲದ ಚೂರು ಕಳಚಿತು. ಇಬ್ಬರು ಟಿಂಕರಿಂಗ್‌ನವರು ‘ನಮಗೆ ತಗಡಿನ ಕೆಲಸ ಮಾತ್ರ ಗೊತ್ತು’ ಎಂದು ಕಳುಹಿಸಿದರು. ಮೂರನೆಯವರು ಪುಟ್ಟಿ ತುಂಬಿ ಬಣ್ಣ ಹೊಡೆದುಕೊಟ್ಟರು. ಒಂದೇ ತಿಂಗಳಲ್ಲಿ ಅದೇ ಗೆರೆಯ ಮೇಲೆ ಮತ್ತೆ ಬಿರುಕು. ಮನೆಯಲ್ಲೇ ಸರಿಮಾಡಿಕೊಳ್ಳಬಹುದೇ?

ಉತ್ತರ: ಖಂಡಿತ ಮಾಡಬಹುದು. ಬೆಂಗಳೂರಿನಲ್ಲೇ ತಯಾರಾದ, ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯಿಂದ ಬಂದ ಆ 848 ಸಿ.ಸಿ. ಕಾರನ್ನು ನೀವು ಉಳಿಸಿಕೊಂಡಿರುವುದು ಕೇಳಿಯೇ ಖುಷಿಯಾಯಿತು. ಅದರ ಬಾಡಿ ಫೈಬರ್‌ಗ್ಲಾಸ್, ಕೆಳಗಿನ ಚಾಸಿ ಉಕ್ಕಿನದು. ಹಾಗಾಗಿ ಮಡ್‌ಗಾರ್ಡ್ ಒಡೆದರೆ ಕಾರಿನ ಬೆನ್ನೆಲುಬಿಗೆ ಏನೂ ಆಗುವುದಿಲ್ಲ. ಬಾಗಿಲಿನ ಹಿಂಜ್ ಅಥವಾ ಸೀಟ್ ಬೆಲ್ಟ್ ಕೂರುವ ಜಾಗ ಒಡೆದಿದ್ದರೆ ಮಾತ್ರ ಮನೆಯಲ್ಲಿ ಕೈಹಾಕಬೇಡಿ, ಅನುಭವಿಗಳಿಗೆ ಒಪ್ಪಿಸಿ.

ಪುಟ್ಟಿ ಏಕೆ ನಿಲ್ಲಲಿಲ್ಲ? ಅದರಲ್ಲಿ ನಾರು ಇಲ್ಲ. ಗಾಡಿ ಓಡುವಾಗ ಮಡ್‌ಗಾರ್ಡ್ ಸದಾ ಸಣ್ಣಗೆ ಅದುರುತ್ತದೆ. ಆ ಎಳೆತವನ್ನು ತಡೆಯುವುದು ಗಾಜಿನ ನಾರು. ಹರಿದ ಬಟ್ಟೆಗೆ ಒಳಗಿನಿಂದ ತೇಪೆ ಹಾಕುವಂತೆ ಇಲ್ಲಿಯೂ ಹಿಂಬದಿಯಿಂದ ನಾರು ಕೂರಿಸಬೇಕು. ಮುಂಬದಿಯ ಅಂದ ಕೊನೆಯ ಕೆಲಸ.

ಮೊದಲು ಒಂದು ನಾಣ್ಯ ಹಿಡಿದು ಬಿರುಕಿನ ಸುತ್ತ ಬಡಿಯುತ್ತಾ ಹೋಗಿ. ಗಟ್ಟಿ ಇರುವಲ್ಲಿ ‘ಟಣ್’ ಎನ್ನುತ್ತದೆ, ಪದರಗಳು ಒಳಗೇ ಬಿಟ್ಟಿರುವಲ್ಲಿ ‘ಬದ್’ ಎಂದು ಸತ್ತ ಸದ್ದು ಬರುತ್ತದೆ. ಸತ್ತ ಸದ್ದಿನ ಗಡಿಗೆ ಪೆನ್ಸಿಲ್ ಗೆರೆ ಎಳೆಯಿರಿ. ಕಣ್ಣಿಗೆ ಕಾಣುವ ಸೀಳು ಒಂದು ಗೇಣಾದರೆ, ಒಳಗೆ ಬಿಟ್ಟಿರುವುದು ಅದಕ್ಕಿಂತ ಹೆಚ್ಚೇ ಇರುತ್ತದೆ.

ಕಳಚಿದ ಚೂರನ್ನು ಎಸೆದಿಲ್ಲ ತಾನೇ? ಮೂಲ ಆಕಾರ ಅದರಲ್ಲೇ ಇದೆ. ಅದನ್ನು ಜಾಗಕ್ಕೆ ಹೊಂದಿಸಿ, ಹೊರಗಿನಿಂದ ಅಗಲವಾದ ಟೇಪ್ ಹಾಕಿ ಬಿಗಿಮಾಡಿ. ನಂತರ ಚಕ್ರ ಕಳಚಿ ಹಿಂಬದಿಗೆ ಹೋಗಿ. ಅಲ್ಲಿ ವರ್ಷಗಳ ಕೆಸರು, ಎಣ್ಣೆ ಕೂತಿರುತ್ತದೆ. ಸೋಪಿನ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಿದ ಮೇಲಷ್ಟೇ ಗ್ರೈಂಡರ್ ಹಿಡಿಯಿರಿ. ಒರೆಸದೆ ಉಜ್ಜಿದರೆ ಎಣ್ಣೆ ನಾರಿನೊಳಕ್ಕೇ ಇಳಿಯುತ್ತದೆ.

ಉಜ್ಜುವುದರಲ್ಲಿಯೇ ಅರ್ಧ ಕೆಲಸ ಅಡಗಿದೆ. ಬಿರುಕಿನ ಬಾಯಿಯಿಂದ ಹೊರಕ್ಕೆ ಇಳಿಜಾರು ಕೊಡಬೇಕು. ದಪ್ಪದ ಹನ್ನೆರಡು ಪಟ್ಟು ಎಂಬುದು ನಾವು ಹಿಡಿಯುವ ಲೆಕ್ಕ: 3 ಮಿ.ಮೀ. ದಪ್ಪಕ್ಕೆ ಎರಡೂ ಬದಿಗೆ ಸುಮಾರು 36 ಮಿ.ಮೀ. ನಲವತ್ತು ನಂಬರಿನ ಒರಟು ಡಿಸ್ಕ್ ಸಾಕು. ಹಳೆಯ ಫೈಬರಿನ ಜೊತೆ ಹೊಸ ರೆಸಿನ್ (ನಾರನ್ನು ಹಿಡಿದಿಟ್ಟು ಗಟ್ಟಿಯಾಗುವ ಅಂಟುದ್ರವ) ಬೆಸೆದುಕೊಳ್ಳುವುದಿಲ್ಲ, ಒರಟನ್ನು ಹಿಡಿದುಕೊಂಡು ಕೂರುತ್ತದೆ. ಹೊಳೆಯುವ ಜಾಗ ಒಂದಿಷ್ಟು ಉಳಿದರೂ ತೇಪೆ ಅಲ್ಲಿಂದಲೇ ಏಳುತ್ತದೆ. ಈ ಧೂಳು ಗಾಜಿನ ಧೂಳು. ಎನ್95 ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಇಲ್ಲದೆ ಶುರುಮಾಡಬೇಡಿ. ಮುಗಿದ ಮೇಲೆ ತಣ್ಣೀರಿನಲ್ಲಿ ಕೈ ತೊಳೆಯಿರಿ.

ಪ್ರಶ್ನೆ (ಅವರದೇ): ರೆಸಿನ್ ಎಷ್ಟು ತರಬೇಕು? ಅಂಗಡಿಯಲ್ಲಿ ಎರಡು ಸಣ್ಣ ಬಾಟಲಿಗಳನ್ನೂ ಕೊಡುತ್ತಾರಂತೆ.

ಉತ್ತರ: ಆ ಬಾಟಲಿಗಳ ವಿಷಯ ಮೊದಲು ಹೇಳುತ್ತೇನೆ. ನೇರಳೆ ಬಣ್ಣದ್ದು ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವುದು), ನೀರಿನಂತಿರುವುದು ಹಾರ್ಡನರ್ (ರೆಸಿನ್ನನ್ನು ಗಟ್ಟಿಮಾಡುವುದು). ಇವೆರಡನ್ನೂ ಯಾವ ಕಾರಣಕ್ಕೂ ನೇರವಾಗಿ ಒಂದಕ್ಕೊಂದು ಸೇರಿಸಬೇಡಿ. ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಮ್ಯಾಟ್ (ಗಾಜಿನ ನಾರಿನ ಹಾಸು) ಸಿದ್ಧಮಾಡಿಟ್ಟುಕೊಂಡು, ಬಳಿಯುವ ಹೊತ್ತಿಗೆ ಹಾರ್ಡನರ್ ಬೆರೆಸಿ. ಕೋಬಾಲ್ಟ್ ಮೊದಲೇ ಬೆರೆತಿರುವ ರೆಸಿನ್ ಕೂಡ ಸಿಗುತ್ತದೆ, ಹೊಸಬರಿಗೆ ಅದೇ ಒಳ್ಳೆಯದು, ಕೇಳಿ ತನ್ನಿ. ಹಾರ್ಡನರ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಕೂಡಲೇ ಹದಿನೈದು ನಿಮಿಷ ನೀರು ಹಾಯಿಸಿ ಕಣ್ಣಿನ ವೈದ್ಯರ ಬಳಿಗೆ ಓಡಿ.

ಈಗ ಲೆಕ್ಕ. 450 ಗ್ರಾಂ ಮ್ಯಾಟ್ ಎಂದರೆ ಒಂದು ಚದರ ಮೀಟರಿಗೆ ಅಷ್ಟು ತೂಕ. ಒಂದು ಪದರ ಸುಮಾರು 1 ಮಿ.ಮೀ. ದಪ್ಪ ಕೊಡುತ್ತದೆ. ನಿಮಗೆ 30 ಸೆಂ.ಮೀ. ಚೌಕದ ಮೂರು ಪದರ ಬೇಕಾದರೆ ಮ್ಯಾಟ್ ಸುಮಾರು 120 ಗ್ರಾಂ ಆಯಿತು. ರೆಸಿನ್ ಅದರ ಎರಡರಿಂದ ಎರಡೂವರೆ ಪಟ್ಟು, ಅಂದರೆ 240ರಿಂದ 300 ಗ್ರಾಂ. ಹಾರ್ಡನರ್ ನೂರಕ್ಕೆ ಒಂದರಿಂದ ಎರಡು ಪಾಲು. ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ, ಕಣ್ಣಂದಾಜು ಬೇಡ. ನೂರು ಗ್ರಾಂ ರೆಸಿನ್ ಮಾತ್ರ ಒಂದು ಸಲಕ್ಕೆ ಕಲಸಿ. ಡಬ್ಬದಲ್ಲಿ ಉಳಿದದ್ದು ತಾನೇ ಬಿಸಿಯಾಗುತ್ತದೆ. ನಮ್ಮ ಶೆಡ್ಡಿನಲ್ಲಿ ಒಮ್ಮೆ ಉಳಿದ ರೆಸಿನ್ ಪ್ಲಾಸ್ಟಿಕ್ ಡಬ್ಬವನ್ನೇ ಕರಗಿಸಿ ಹೊಗೆಯಾಡಿತ್ತು.

ಮ್ಯಾಟನ್ನು ಕೈಯಲ್ಲಿ ಹರಿದು ತೇಪೆ ಮಾಡಿಕೊಂಡರೆ ಅಂಚು ತೆಳುವಾಗಿ ಬೆರೆಯುತ್ತದೆ. ಮೊದಲು ಉಜ್ಜಿದ ಜಾಗಕ್ಕೆ ರೆಸಿನ್ ಬಳಿಯಿರಿ, ಮೇಲೆ ಮ್ಯಾಟ್ ಇಡಿ, ಬ್ರಷ್ಷಿನ ತುದಿಯಿಂದ ಕುಟ್ಟಿ ಕುಟ್ಟಿ ಕೂರಿಸಿ. ಎಳೆದು ಬಳಿದರೆ ನಾರು ಕಿತ್ತುಬರುತ್ತದೆ. ಬಿಳಿ ಮ್ಯಾಟ್ ನೋಡನೋಡುತ್ತಲೇ ಪಾರದರ್ಶಕವಾಗುತ್ತದೆ, ಕೆಳಗಿನ ಪೆನ್ಸಿಲ್ ಗೆರೆ ಕಾಣತೊಡಗುತ್ತದೆ. ಎಲ್ಲಾದರೂ ಬಿಳಿ ಚುಕ್ಕೆ ಉಳಿದರೆ ಅಲ್ಲಿ ಗಾಳಿ ಇದೆ, ಇನ್ನಷ್ಟು ಕುಟ್ಟಿ. ಎರಡನೆಯ ಪದರ ಮೊದಲನೆಯದಕ್ಕಿಂತ ಒಂದು ಬೆರಳು ಅಗಲ, ಮೂರನೆಯದು ಇನ್ನೊಂದು ಬೆರಳು. ಹಿಂಬದಿ ಗಟ್ಟಿಯಾದ ಮೇಲೆ ಮುಂದಿನ ಟೇಪ್ ಬಿಚ್ಚಿ, ಬಿರುಕನ್ನು ಅಗಲವಾಗಿ ತೆರೆದು, ತೆಳು ಮ್ಯಾಟಿನ ಎರಡು ಪದರ ತುಂಬಿ. ಪುಟ್ಟಿಯ ಸರದಿ ಆಮೇಲೆ.

ಪ್ರಶ್ನೆ (ಮಂಗಳೂರಿನಿಂದ): ನಾನೂ ಇದೇ ರೀತಿ ಜೀಪಿನ ಫೈಬರ್ ಹುಡ್‌ಗೆ ತೇಪೆ ಹಾಕಿದೆ. ಎರಡು ದಿನವಾದರೂ ಮೇಲ್ಭಾಗ ಅಂಟಂಟಾಗಿದೆ. ಹಾರ್ಡನರ್ ಕಡಿಮೆಯಾಯಿತೇ?

ಉತ್ತರ: ಉಗುರಿನಿಂದ ಒತ್ತಿ ನೋಡಿ. ಒಳಗೆ ಗಟ್ಟಿಯಿದ್ದು ಮೇಲೆ ಮಾತ್ರ ಅಂಟಿದರೆ ಚಿಂತೆಯಿಲ್ಲ, ಗಾಳಿ ತಾಗಿದ ಪಾಲಿಯೆಸ್ಟರ್ ರೆಸಿನ್ನಿನ ಗುಣವೇ ಅದು. ಅಸಿಟೋನ್ ಬಟ್ಟೆಯಿಂದ ಒರೆಸಿ ಉಜ್ಜಿ. ಮುಂದಿನ ಸಲ ಕೊನೆಯ ಪದರದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಉಗುರು ಒಳಕ್ಕೆ ಇಳಿದರೆ ಬೇರೆ ದಾರಿಯಿಲ್ಲ, ಕೆರೆದು ತೆಗೆದು ಹೊಸದಾಗಿ ಹಾಕಬೇಕು. ನಿಮ್ಮ ಕಡೆ ಮಳೆಗಾಲದಲ್ಲಿ ಮ್ಯಾಟ್ ತೇವ ಹೀರಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಜಡಿಮಳೆಯ ದಿನ ಈ ಕೆಲಸವೇ ಬೇಡ.

ಪ್ರಶ್ನೆ (ಬೆಂಗಳೂರಿನಿಂದ): ದಿನಬಳಕೆಯ ಕಾರಿನ ಒಡೆದ ಬಂಪರಿಗೂ ಇದೇ ವಿಧಾನವೇ ಅಣ್ಣಾ?

ಉತ್ತರ: ಅಲ್ಲ. ಬಂಪರ್ ಬಿಚ್ಚಿ ಒಳಬದಿಯ ಅಚ್ಚಕ್ಷರ ಓದಿ. ‘ಪಿಪಿ’ ಎಂದಿದ್ದರೆ ಅದು ಪಾಲಿಪ್ರೊಪಿಲೀನ್, ಅದಕ್ಕೆ ರೆಸಿನ್ ಹಿಡಿಯುವುದೇ ಇಲ್ಲ, ಅದೇ ಪ್ಲಾಸ್ಟಿಕ್ಕಿನ ಕಡ್ಡಿಯಿಂದ ಬಿಸಿಗಾಳಿ ವೆಲ್ಡಿಂಗ್ ಮಾಡಿಸಬೇಕು. ‘ಎಬಿಎಸ್’ ಎಂದಿದ್ದರೆ ಅಸಿಟೋನ್ ಹಚ್ಚಲೇಬೇಡಿ, ಕರಗುತ್ತದೆ. ಮುರಿದ ಅಂಚಿನಲ್ಲಿ ಬಿಳಿಯ ನಾರು ಜೂಲುಜೂಲಾಗಿ ಕಂಡರೆ ಮಾತ್ರ ಅದು ಫೈಬರ್‌ಗ್ಲಾಸ್.

ಪ್ರಶ್ನೆ (ತುಮಕೂರಿನಿಂದ, ಹತ್ತು ದಿನಗಳ ನಂತರ): ಸರ್, ಮಾಡಿ ಮುಗಿಸಿದೆ. ನಾಣ್ಯ ಬಡಿದರೆ ಎಲ್ಲ ಕಡೆ ‘ಟಣ್’ ಎನ್ನುತ್ತಿದೆ! ಚೂರು ಕೂರಿಸಿದಲ್ಲಿ ಒಂದು ಮಿ.ಮೀ. ತಗ್ಗು ಉಳಿದಿದೆ. ನಾಳೆಯೇ ಬಣ್ಣ ಹೊಡೆಯಲೇ?

ಉತ್ತರ: ಆ ಸದ್ದು ಕೇಳಿಸಿತಲ್ಲ, ನನಗೂ ನೆಮ್ಮದಿ. ಒಂದು ಮಿ.ಮೀ. ತಗ್ಗಿಗೆ ಪುಟ್ಟಿ ಧಾರಾಳವಾಗಿ ಹಚ್ಚಿ, ಈಗ ಅದರ ಕೆಳಗೆ ನಾರಿದೆ. ಎಂಬತ್ತರ ಉಪ್ಪುಕಾಗದದಿಂದ ಶುರುಮಾಡಿ ನೂರಿಪ್ಪತ್ತು, ಇನ್ನೂರಿಪ್ಪತ್ತು ದಾಟಿ ನಾನೂರರವರೆಗೆ ಹೋಗಿ. ಬಣ್ಣ ಮಾತ್ರ ನಾಳೆ ಬೇಡ. ರೆಸಿನ್ ಇನ್ನೂ ಒಳಗೊಳಗೇ ಕುಗ್ಗುತ್ತಿರುತ್ತದೆ, ಅವಸರಪಟ್ಟರೆ ಮ್ಯಾಟಿನ ನಾರಿನ ಗುರುತು ಬಣ್ಣದ ಮೇಲೆ ಎದ್ದು ಕಾಣುತ್ತದೆ, ಗಾಢ ಬಣ್ಣದಲ್ಲಂತೂ ಹೆಚ್ಚು. ಒಂದು ವಾರ ಕಾರನ್ನು ಬಿಸಿಲಿಗೆ ನಿಲ್ಲಿಸಿ, ಇನ್ನೊಮ್ಮೆ ಕೈಯಾಡಿಸಿ ನೋಡಿ, ಆಮೇಲೆ ಪ್ರೈಮರ್ ಹೊಡೆಯಿರಿ. ಬಣ್ಣವಾದ ಮೇಲೆ ಫೋಟೋ ಹಾಕಿ, ಕಾಯುತ್ತಿರುತ್ತೇನೆ.