ರಾತ್ರಿ ಒಂಬತ್ತಾದರೆ ಸೈಟ್ ಬೀಳುತ್ತಿದೆ, ದಯವಿಟ್ಟು ಯಾರಾದರೂ ನೋಡಿ

ಕಲ್ಲುಬರಹ, ಮಂಗಳವಾರ ರಾತ್ರಿ 10:40
ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ ತಲೆ ಕೆಟ್ಟು ಹೋಗಿದೆ. ರಾತ್ರಿ ಒಂಬತ್ತಾಗುತ್ತಿದ್ದಂತೆ ಸೈಟ್ ಬೀಳುತ್ತದೆ. ರೀಸ್ಟಾರ್ಟ್ ಮಾಡಿದರೆ ಏಳುತ್ತದೆ, ಇಪ್ಪತ್ತು ನಿಮಿಷಕ್ಕೆ ಮತ್ತೆ ಮಲಗುತ್ತದೆ. ನಾನು ಏನನ್ನೂ ಬದಲಾಯಿಸಿಲ್ಲ. ಬೆಂಗಳೂರು ಸುತ್ತಮುತ್ತಲಿನ ಶಾಸನ, ವೀರಗಲ್ಲುಗಳ ಫೋಟೋ ಸೈಟ್ ಅದು. ಭಾನುವಾರ ಕೆಲವರನ್ನು ಬೇಗೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅವರೆಲ್ಲ ಮೊದಲೇ ಸೈಟ್‌ನಲ್ಲಿ ಓದಿಕೊಂಡು ಬರಬೇಕು. ಇದರ ಮೇಲೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು "ನಡೆಸೋಕೆ ಬರದಿದ್ದರೆ ಮುಚ್ಚಿ" ಎಂದು ಬರೆದರು. ಯಾರಿಂದಲೂ ಒಂದು ರೂಪಾಯಿ ತೆಗೆದುಕೊಳ್ಳದೆ ನಡೆಸುತ್ತಿದ್ದೇನೆ. ತುಂಬಾ ಬೇಜಾರಾಯಿತು.

ಮಲ್ಲೇಶ್ವರಂ ಸರ್ವರ್
ಡಿಎನ್‌ಎಸ್ ನೋಡಿ ಸರ್, ಸೈಟಿನ ಹೆಸರಿನಿಂದ ಸರ್ವರ್ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಬರುವುದು, ಹೋಗುವುದು ಅಂದರೆ ಅದೇ. ಟಿಟಿಎಲ್, ಅಂದರೆ ಆ ವಿಳಾಸವನ್ನು ನೆನಪಿಟ್ಟುಕೊಳ್ಳುವ ಅವಧಿ, ಎಷ್ಟಿಟ್ಟಿದ್ದೀರಿ?

ಯಶವಂತಪುರ ಯುಪಿಎಸ್
ಸರ್ವರ್ ಮನೆಯಲ್ಲೇ ಇದೆಯಾ? ದಿನಾ ಒಂದೇ ಹೊತ್ತಿಗೆ ಅಂದರೆ ಕರೆಂಟ್ ಇರಬಹುದು. ನಾನು ಮೋಡೆಮ್, ರೌಟರ್, ಸರ್ವರ್ ಮೂರನ್ನೂ 150 ಎಎಚ್ ಟ್ಯೂಬುಲರ್ ಬ್ಯಾಟರಿಗೆ ಹಾಕಿದ್ದೇನೆ. ಮಳೆಗಾಲದಲ್ಲೂ ಒಂದು ಸಲ ಬಿದ್ದಿಲ್ಲ.

ಲಾಗ್ ಓದುಗ
ಎರರ್ ಏನು ಬರುತ್ತದೆ ಎಂದೇ ನೀವು ಹೇಳಿಲ್ಲ. 502 ಬಂದರೆ ಎನ್‌ಜಿನ್‌ಎಕ್ಸ್ (ಪುಟ ಕೊಡುವ ವೆಬ್ ಸರ್ವರ್) ಬದುಕಿದೆ, ಅದರ ಹಿಂದೆ ಪುಟ ತಯಾರಿಸುವ ಪಿಎಚ್‌ಪಿ ಸರಿಯಾಗಿ ಉತ್ತರ ಕೊಟ್ಟಿಲ್ಲ ಎಂದರ್ಥ. 504 ಆದರೆ ಕಾದು ಕಾದು ಸಾಕಾಗಿದೆ. ಸೈಟಿನ ಹೆಸರೇ ಸಿಗದಿದ್ದರೆ ಆಗ ಡಿಎನ್‌ಎಸ್. ಒಂದೊಂದಕ್ಕೂ ಮದ್ದು ಬೇರೆ.

ಕಲ್ಲುಬರಹ
ಕ್ಷಮಿಸಿ. "ಡೇಟಾಬೇಸ್ ಸಂಪರ್ಕ ಆಗಲಿಲ್ಲ" ಎಂದು ಬರುತ್ತದೆ. ಕೆಲವು ಸಲ 502. ಸರ್ವರ್ ಮನೆಯಲ್ಲಿಲ್ಲ, ಬಾಡಿಗೆ ವಿಪಿಎಸ್ (ವರ್ಚುವಲ್ ಸರ್ವರ್). 1 ಜಿಬಿ ರ‍್ಯಾಮ್.

ಮಲ್ಲೇಶ್ವರಂ ಸರ್ವರ್
ಟಿಟಿಎಲ್ ಇನ್ನೂ ಹೇಳಲಿಲ್ಲ. ಹೋದ ವರ್ಷ ನನಗೂ ಹೀಗೇ ಆಗಿತ್ತು. ಹಳೇ ಐಪಿ ವಿಳಾಸಕ್ಕೆ ಅರ್ಧ ಜನ ಹೋಗುತ್ತಿದ್ದರು. ಮೂರು ದಿನ ಹುಡುಕಿದ್ದೆ.

ಲಾಗ್ ಓದುಗ
ಗುರುಗಳೇ, ಎರರ್ ಪುಟ ಬಂದಿರುವುದೇ ಅವರ ಸರ್ವರ್‌ನಿಂದ. ಅಂದರೆ ವಿಳಾಸ ಸರಿಯಾಗಿಯೇ ಸಿಕ್ಕಿದೆ. ಡಿಎನ್‌ಎಸ್ ಬಿಟ್ಟುಬಿಡಿ. ಕಲ್ಲುಬರಹ ಅವರೇ, ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಲಾಗ್‌ನಲ್ಲಿ "ಔಟ್ ಆಫ್ ಮೆಮೊರಿ" ಎಂಬ ಸಾಲು ಇದೆಯಾ? ಹಾಗೇ ಆಕ್ಸೆಸ್ ಲಾಗ್‌ನಲ್ಲಿ ಒಂಬತ್ತರಿಂದ ಹತ್ತರವರೆಗೆ ಯಾವ ಐಪಿ ಎಷ್ಟು ಸಲ ಬಂದಿದೆ, ಎಣಿಸಿ ಹಾಕಿ.

ಕಲ್ಲುಬರಹ, ಬುಧವಾರ ಬೆಳಗ್ಗೆ 6:15
ಇದೆ ಸರ್! ನಾಲ್ಕು ರಾತ್ರಿಯೂ ಕರ್ನಲ್ ನನ್ನ ಡೇಟಾಬೇಸ್ ಮೈಎಸ್‌ಕ್ಯೂಎಲ್ ಅನ್ನೇ ಕೊಂದಿದೆ. ಒಂದೇ ಐಪಿಯಿಂದ ಒಂದು ಗಂಟೆಯಲ್ಲಿ 9 ಸಾವಿರ ರಿಕ್ವೆಸ್ಟ್. ಎಲ್ಲವೂ ಥಂಬ್ ಸ್ಕ್ರಿಪ್ಟ್‌ಗೆ.

ಲಾಗ್ ಓದುಗ
ಯಾವ ಥಂಬ್ ಸ್ಕ್ರಿಪ್ಟ್?

ಕಲ್ಲುಬರಹ
ದೊಡ್ಡ ಫೋಟೋವನ್ನು ಕೇಳಿದ ಅಳತೆಗೆ ಆಗಿಂದಾಗಲೇ ಚಿಕ್ಕದು ಮಾಡಿ ಕೊಡುವ ಪಿಎಚ್‌ಪಿ. ಎಲ್ಲರೂ ಹೀಗೇ ಮಾಡುತ್ತಾರೆ ಅಂದುಕೊಂಡು ಹೇಳಲಿಲ್ಲ. ಮೂಲ ಫೋಟೋ 6000 × 4000. ಹೋದ ತಿಂಗಳು ಸೈಟ್ ನಿಧಾನ ಅನ್ನಿಸಿ ಪಿಎಚ್‌ಪಿ-ಎಫ್‌ಪಿಎಂನ ಮ್ಯಾಕ್ಸ್ ಚಿಲ್ಡ್ರನ್ (ಒಟ್ಟಿಗೆ ಓಡಬಹುದಾದ ಪಿಎಚ್‌ಪಿ ಪ್ರೊಸೆಸ್‌ಗಳ ಮಿತಿ) 5 ಇದ್ದದ್ದನ್ನು 20 ಮಾಡಿದ್ದೆ.

ಲಾಗ್ ಓದುಗ
ಸಿಕ್ಕಿತು ನೋಡಿ. ಡಿಸ್ಕಿನಲ್ಲಿ ಆ ಜೆಪೆಗ್ 8-10 ಎಂಬಿ ಇರಬಹುದು. ಬಿಚ್ಚಿದಾಗ 2.4 ಕೋಟಿ ಪಿಕ್ಸೆಲ್. ಒಂದೊಂದಕ್ಕೆ 4 ಬೈಟ್ ಅಂದರೆ 96 ಎಂಬಿ. ಇಪ್ಪತ್ತು ಪ್ರೊಸೆಸ್ ಒಟ್ಟಿಗೆ ಬಿಚ್ಚಿದರೆ 1.9 ಜಿಬಿ. ನಿಮ್ಮಲ್ಲಿರುವುದು 1 ಜಿಬಿ. ಜಾಗ ಸಾಲದೆ ಕರ್ನಲ್ ಜಾಸ್ತಿ ಮೆಮೊರಿ ಹಿಡಿದವರನ್ನು ಹುಡುಕಿ ಕೊಲ್ಲುತ್ತದೆ. ಪಾಪ, ಮೈಎಸ್‌ಕ್ಯೂಎಲ್ ಸಿಕ್ಕಿಹಾಕಿಕೊಳ್ಳುತ್ತದೆ. ಇಷ್ಟು ದಿನ ಜನ ಕಡಿಮೆ ಬರುತ್ತಿದ್ದರು, ನಡೆಯಿತು.

ಮೊದಲು ಚಿಲ್ಡ್ರನ್ 4ಕ್ಕೆ ಇಳಿಸಿ. ಆಮೇಲೆ ಎಲ್ಲ ಚಿಕ್ಕ ಫೋಟೋಗಳನ್ನೂ ಒಂದೇ ಸಲ ತಯಾರಿಸಿ ಡಿಸ್ಕಿನಲ್ಲಿಡಿ. ಎನ್‌ಜಿನ್‌ಎಕ್ಸ್ ನೇರವಾಗಿ ಕೊಡಲಿ, ಪಿಎಚ್‌ಪಿ ಮುಟ್ಟುವುದೇ ಬೇಡ.

ಬೈಟು ಕಾಫಿ
ಅಷ್ಟೆಲ್ಲ ಯಾಕೆ? ಆ ಐಪಿ ಬ್ಲಾಕ್ ಮಾಡಿ. ಇನ್ನೊಬ್ಬರ ಮನೆಯ ಸಂಪಿನಿಂದ ರಾತ್ರಿಯಿಡೀ ನೀರು ಎಳೆದ ಹಾಗೆ ಇದು. ಬಾಟ್‌ಗಳಿಗೆ ಯಾವುದನ್ನು ಮುಟ್ಟಬಾರದು ಎಂದು ಹೇಳುವ ರೋಬೋಟ್ಸ್ ಫೈಲ್ ಹಾಕಿಲ್ವಾ?

ಕಲ್ಲುಬರಹ
ಹಾಕಿದ್ದೇನೆ. ಲಾಗ್ ಪ್ರಕಾರ ಆ ಐಪಿ ಅದನ್ನು ಒಂದು ಸಲವೂ ಕೇಳಿಲ್ಲ. ಕ್ರೋಮ್ ಅಂತ ಹೆಸರು ಹೇಳಿಕೊಂಡು ಬಂದಿದೆ.

ಕೆಂಗೇರಿ ಕೋಡರ್
ವೆಬ್‌ನಲ್ಲಿ ಹಾಕಿದ ಮೇಲೆ ಯಾರು ಬೇಕಾದರೂ ಇಳಿಸಿಕೊಳ್ಳುತ್ತಾರೆ. ಅದಕ್ಕೆ ಬೈದರೆ ಹೇಗೆ? ಅಷ್ಟು ದೊಡ್ಡ ಫೋಟೋ ಯಾಕೆ ಇಟ್ಟಿರಿ?

ಕಲ್ಲುಬರಹ
ಇಳಿಸಿಕೊಳ್ಳಲಿ ಎಂದೇ ಇಟ್ಟಿರುವುದು ಸರ್. ಕಲ್ಲು ಸವೆದಿದೆ. ಸಂಜೆಯ ಓರೆ ಬೆಳಕಿನಲ್ಲಿ ತೆಗೆದರೆ ಮಾತ್ರ ಅಕ್ಷರ ಕಾಣುತ್ತದೆ. ಬೇಗೂರಿನ ನಾಗೇಶ್ವರ ದೇವಸ್ಥಾನದ ಕಲ್ಲಿನಲ್ಲಿ, ಸುಮಾರು ಕ್ರಿ.ಶ. 890ರದ್ದು, "ಬೆಂಗಳೂರ ಕಾಳಗ" ಎಂಬ ಮಾತಿದೆ. ಅದನ್ನು ಚಿಕ್ಕ ಫೋಟೋದಲ್ಲಿ ಓದಲು ಆಗುವುದಿಲ್ಲ. ಒಂದು ಮೇಲ್ ಹಾಕಿದ್ದರೆ ಹಾರ್ಡ್ ಡಿಸ್ಕಿನಲ್ಲೇ ಎಲ್ಲ ತುಂಬಿಸಿ ಕೊಡುತ್ತಿದ್ದೆ.

ಬೈಟು ಕಾಫಿ
ಕೆಂಗೇರಿಯವರೇ, ಇಳಿಸಿಕೊಳ್ಳುವುದು ಬೇರೆ, ಉಳಿದವರಿಗೆ ಬಾಗಿಲೇ ಇಲ್ಲದ ಹಾಗೆ ಮಾಡುವುದು ಬೇರೆ. ಅಷ್ಟೂ ತಿಳಿಯಲ್ವಾ?

ಕೆಂಗೇರಿ ಕೋಡರ್
ತಿಳಿಯುತ್ತದೆ. ಆದರೆ ರೋಬೋಟ್ಸ್ ಫೈಲ್ 1994ರಿಂದಲೂ ಬರೀ ಮರ್ಯಾದೆಯ ಮಾತು. 2022ರಲ್ಲಿ ಆರ್‌ಎಫ್‌ಸಿ 9309 ಎಂಬ ಇಂಟರ್ನೆಟ್ ಮಾನದಂಡ ಆದಮೇಲೂ ಯಾರ ಕೈಯನ್ನೂ ಅದು ಹಿಡಿಯುವುದಿಲ್ಲ. ಅದನ್ನು ನಂಬಿ ಕೂರಬೇಡಿ ಅಂತ ಹೇಳಿದೆ, ಅಷ್ಟೇ.

ಲಾಗ್ ಓದುಗ
ಇಬ್ಬರೂ ಸ್ವಲ್ಪ ನಿಲ್ಲಿಸಿ. ಐಪಿ ಬ್ಲಾಕ್ ಮಾಡುವ ಮುಂಚೆ ಯೋಚಿಸಿ. ಮನೆಯ ಇಂಟರ್ನೆಟ್ ಆದರೆ ಒಂದೇ ಐಪಿ ಹಿಂದೆ ಎಷ್ಟೋ ಮನೆಗಳಿರಬಹುದು. ತಪ್ಪು ಮಾಡದವರಿಗೂ ಬಾಗಿಲು ಹಾಕಿದಂತಾಗುತ್ತದೆ. ಎನ್‌ಜಿನ್‌ಎಕ್ಸ್‌ನಲ್ಲೇ ಲಿಮಿಟ್ ಹಾಕಿ. ಒಂದು ಮಾತು ನೆನಪಿಡಿ: ಲಿಮಿಟ್ ದಾಟಿದವರಿಗೆ ಅದು ತಾನಾಗಿ ಕೊಡುವುದು 503. ನೋಡಿದವರು ಸೈಟ್ ಬಿದ್ದಿದೆ ಅಂದುಕೊಳ್ಳುತ್ತಾರೆ. ಅದನ್ನು 429 ಮಾಡಿ. "ಜಾಸ್ತಿ ಕೇಳುತ್ತಿದ್ದೀರಿ, ನಿಧಾನ" ಎಂದರ್ಥ.

ಯಶವಂತಪುರ ಯುಪಿಎಸ್
ಮನೆಯಲ್ಲೇ ಇಟ್ಟರೆ 16 ಜಿಬಿ ರ‍್ಯಾಮ್ ಹಾಕಬಹುದಿತ್ತು. ನನ್ನ ಸೆಟಪ್‌ನ ಫೋಟೋ ಬೇಕಾದರೆ ಹಾಕುತ್ತೇನೆ.

ಮಲ್ಲೇಶ್ವರಂ ಸರ್ವರ್
ಹಾಕಿ ಸರ್. ಬ್ಯಾಟರಿಗೆ ನೀರು ಎಷ್ಟು ತಿಂಗಳಿಗೊಮ್ಮೆ ಹಾಕುತ್ತೀರಿ?

ಕಲ್ಲುಬರಹ, ಗುರುವಾರ ರಾತ್ರಿ 9:50
ಚಿಕ್ಕ ಫೋಟೋಗಳನ್ನು ತಯಾರಿಸಿ ಇಟ್ಟೆ. ಮೈಎಸ್‌ಕ್ಯೂಎಲ್ ಬಿದ್ದಿಲ್ಲ. ಆದರೆ ಒಂದು ಐಪಿಗೆ 5 ಕನೆಕ್ಷನ್ ಎಂದು ಲಿಮಿಟ್ ಹಾಕಿದ ಮೇಲೆ ನನ್ನ ಫೋನಿನಲ್ಲೇ ಅರ್ಧ ಫೋಟೋ ಬರುತ್ತಿಲ್ಲ! ಬ್ರೌಸರ್ ಒಂದೇ ಕನೆಕ್ಷನ್ ಅಲ್ವಾ ತೆರೆಯುವುದು?

ಲಾಗ್ ಓದುಗ
ಎಚ್‌ಟಿಟಿಪಿ/2 (ಒಂದೇ ಕನೆಕ್ಷನ್‌ನಲ್ಲಿ ಹಲವು ಫೈಲ್ ಒಟ್ಟಿಗೆ ಕೇಳುವ ವಿಧಾನ) ಇದೆಯಾ? ಅದರಲ್ಲಿ ಒಟ್ಟಿಗೆ ಕೇಳುವ ಒಂದೊಂದು ಫೋಟೋವನ್ನೂ ಎನ್‌ಜಿನ್‌ಎಕ್ಸ್ ಒಂದೊಂದು ಕನೆಕ್ಷನ್ ಎಂದೇ ಲೆಕ್ಕ ಹಾಕುತ್ತದೆ. ಲಿಮಿಟ್ ಅನ್ನು ಮೂಲ ಫೋಟೋಗಳ ಫೋಲ್ಡರ್‌ಗೆ ಮಾತ್ರ ಹಾಕಿ.

ಕಲ್ಲುಬರಹ, ಶುಕ್ರವಾರ ರಾತ್ರಿ 11:40
ಆಯಿತು ಸರ್. ಒಂಬತ್ತಕ್ಕೆ ಅದೇ ಐಪಿ ಬಂತು, ಈ ಸಲ ಮೂಲ ಫೋಟೋಗಳಿಗೇ. 429 ಹೋಗುತ್ತಲೇ ಇತ್ತು, ಹತ್ತೂವರೆಗೆ ನಿಂತಿತು. ಅಷ್ಟರಲ್ಲಿ ಬೇರೆ ಹನ್ನೊಂದು ಜನ ಬೇಗೂರಿನ ಪುಟ ಓದಿದ್ದಾರೆ. ಮೂಲ ಫೋಟೋ ಬೇಕಾದವರು ಕೇಳಿ, ಡಿಸ್ಕಿನಲ್ಲಿ ಕೊಡುತ್ತೇನೆ ಎಂದು ಮೊದಲ ಪುಟದಲ್ಲೇ ಬರೆದಿದ್ದೇನೆ. ಭಾನುವಾರ ಬೆಳಗ್ಗೆ ಏಳಕ್ಕೆ ದೇವಸ್ಥಾನದ ಬಾಗಿಲಲ್ಲಿ ಇರುತ್ತೇನೆ. ಬಿಡುವಿದ್ದರೆ ನೀವೂ ಬನ್ನಿ.